ಅಗ್ಗದ ರಿವಾಲ್ವರ್ ನಂಬಬಹುದಾ?

(ಜಿಲ್ಲಾ ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ (ಬಂದೂಕುಗಳ ದುರಸ್ತಿ, ನಿರ್ವಹಣೆ ಮಾಡುವವರು) ಆಗಿದ್ದು ನಿವೃತ್ತರಾದ ಕೋಲಾರದ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನನಗೆ ರಿವಾಲ್ವರ್ ಲೈಸೆನ್ಸ್ ಮಂಜೂರಾಗಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ಬೋರಿನ (ನಳಿಗೆಯ ಒಳ ಅಳತೆ) ರಿವಾಲ್ವರ್ ಬೇರೆಯವುಗಳಿಗಿಂತ ಕಡಿಮೆ ಬೆಲೆಗೆ ಸಿಗುತ್ತದಂತೆ. ಇಟ್ಟುಕೊಂಡವರನ್ನು ಕೇಳಿದರೆ ಒಬ್ಬರು ‘ಬರೀ ಡಬ್ಬಾ’ ಅಂತಾರೆ, ಇನ್ನೊಬ್ಬರು ‘ಇಪ್ಪತ್ತು ವರ್ಷದಿಂದ ಇದೆ, ಏನೂ ತೊಂದರೆ ಇಲ್ಲ’ ಅಂತಾರೆ. ಯಾರನ್ನು ನಂಬಲಿ?
– ಟೊಮೆಟೊ ಮಂಡಿ ವ್ಯಾಪಾರಿ, ಚಿಂತಾಮಣಿ

ಉತ್ತರ: ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ ಸ್ವಾಮಿ. ‘ಇದರಲ್ಲಿ ಎಷ್ಟು ಗುಂಡು ಹಾರಿಸಿದ್ದೀರಿ?’ ಅಂತ. ಬಹಳ ಜನ ಆಗ ಮಾತು ಬದಲಾಯಿಸುತ್ತಾರೆ. ಆಯುಧ ಪೂಜೆಗೆ ಒಮ್ಮೆ ಬೀರುವಿನಿಂದ ಹೊರಗೆ, ಚುನಾವಣೆ ಬಂದರೆ ಠಾಣೆಗೆ, ಆಮೇಲೆ ಮತ್ತೆ ಬೀರುವಿಗೆ. ಹಾಗಿದ್ದ ರಿವಾಲ್ವರ್ ಯಾಕಾದರೂ ಕೆಟ್ಟೀತು?

ನನ್ನ ಹತ್ತಿರ ಇರುವುದೂ ಅದೇ ರಿವಾಲ್ವರ್. ಈಗ ಬೆಂಗಳೂರಿನ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯೊಂದರಲ್ಲಿ ರಿಪೇರಿ ನೋಡಿಕೊಳ್ಳುವುದರಿಂದ ಬೇರೆಯವರದ್ದೂ ಕೈಗೆ ಬರುತ್ತಿರುತ್ತದೆ. ನನ್ನ ಅಭಿಪ್ರಾಯ ಇಷ್ಟು: ಗಟ್ಟಿ ಮಾಲು, ಒರಟು ಕೆಲಸ. ಬ್ರಿಟಿಷರ ಕಾಲದ ವೆಬ್ಲಿ ಮಾದರಿ ಅದು. ಮೇಲಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಳ್ಳುತ್ತದೆ, ಹಾರಿಸಿದ ಗುಂಡಿನ ಖಾಲಿ ಕೇಸುಗಳು ಆರೂ ಒಟ್ಟಿಗೆ ಮೇಲೆದ್ದು ಬರುತ್ತವೆ. ಒಳಗೆ ನಾಜೂಕಿನ ಭಾಗಗಳು ಕಡಿಮೆ. ಆದರೆ ಟ್ರಿಗರ್ ಬಹಳ ಬಿಗಿ. ಹ್ಯಾಮರ್ (ಹಿಂದಿನ ಸುತ್ತಿಗೆಯಂಥ ಭಾಗ) ಎಳೆಯದೆ ನೇರ ಟ್ರಿಗರ್ ಒತ್ತಿದರೆ ಹೊಸಬರ ಕೈ ಅಲುಗಿ ಗುಂಡು ಕೆಳಗೆ, ಪಕ್ಕಕ್ಕೆ ಹೋಗುತ್ತದೆ. ಗುರಿ ನೋಡುವ ಮೊನೆ ತಿರುಗಿಸಿ ಸರಿಮಾಡುವಂಥದ್ದೂ ಅಲ್ಲ. ‘ಡಬ್ಬಾ’ ಅನ್ನುವ ಮಾತು ಹುಟ್ಟುವುದು ಇಲ್ಲೇ.

ಇನ್ನೊಂದು ದೂರು, ‘ಟಿಕ್ ಅಂತ ಸದ್ದು ಬಂತು, ಗುಂಡು ಹಾರಲಿಲ್ಲ’ ಅನ್ನುವುದು. ಆಗ ನಾನು ಮೊದಲು ನೋಡುವುದು ರಿವಾಲ್ವರನ್ನಲ್ಲ, ಗುಂಡನ್ನು. ಚರ್ಮದ ಬೆಲ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಸಿಟ್ಟ ಗುಂಡಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಅದನ್ನು ಹಾಕಿ ಒತ್ತಿ, ಹಾರದಿದ್ದರೆ ಕಾನ್ಪುರವನ್ನು ಬೈಯುವುದು! ಗುಂಡು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ತಯಾರಿಕೆ ವರ್ಷ ನೋಡಿ. ಹಳೆಯದನ್ನು ಅಭ್ಯಾಸಕ್ಕೆ ಮುಗಿಸಿ, ಹೊಸದನ್ನು ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಎರಡು ಮೂರು ತೋರಿಸಿ ಅಂತ ಕೇಳಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಮೊದಲು ಖಾಲಿ ಇದೆಯಾ ನೋಡಿಕೊಳ್ಳಿ. ಮುಚ್ಚಿದ ಮೇಲೆ ನಳಿಗೆ ಹಿಡಿದು ಅಲ್ಲಾಡಿಸಿ, ಚಿಲಕದ ಹತ್ತಿರ ಲಟಲಟ ಅನ್ನಬಾರದು. ಹ್ಯಾಮರ್ ಎಳೆದಿಟ್ಟು ಸಿಲಿಂಡರ್ (ಗುಂಡು ತುಂಬುವ ಉರುಳೆ) ತಿರುಗುತ್ತದಾ ನೋಡಿ, ತಿರುಗಬಾರದು. ಆರು ಗೂಡಿಗೂ ಹೀಗೆ ಮಾಡಿ. ಒಂದು ಗೂಡಿನಲ್ಲಿ ಸಡಿಲ ಇದ್ದರೂ ಆ ಪೀಸು ಬೇಡ. ಒಂದೇ ಕಾರ್ಖಾನೆಯಿಂದ ಬಂದ ಎರಡು ರಿವಾಲ್ವರ್‌ಗಳ ಟ್ರಿಗರ್‌ನಲ್ಲಿ ಎಷ್ಟು ವ್ಯತ್ಯಾಸ ಅಂತ ನಿಮ್ಮ ಬೆರಳೇ ಹೇಳುತ್ತದೆ.

ಬೆಲೆ ವಿಷಯ. ‘ಅಗ್ಗ’ ಅನ್ನುವುದೇ ತಮಾಷೆ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಅಂಗಡಿಯವರು ಹೇಳುವ ಬೆಲೆಯಲ್ಲಿ ತೆರಿಗೆ ಸೇರಿದೆಯಾ ಕೇಳಿಕೊಳ್ಳಿ. 2014ರಲ್ಲಿ ಹೆಣ್ಣುಮಕ್ಕಳಿಗೆ ಅಂತ ಬಂದ ‘ನಿರ್ಭೀಕ್’ ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು ಅರ್ಧ ಕೆಜಿ. ಆಗಲೇ ಒಂದು ಲಕ್ಷ ದಾಟಿತ್ತು. ಹಗುರ ಅಂತ ಖುಷಿಪಡಬೇಡಿ, ತೂಕ ಕಡಿಮೆಯಾದಷ್ಟೂ ಕೈಗೆ ಒದೆತ ಜಾಸ್ತಿ. 2023ರಲ್ಲಿ ಬಂದ ‘ಪ್ರಬಲ್’ ರಿವಾಲ್ವರ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ತುಂಬಲು ಸಲೀಸು. ಹಳೆಯ ಇಂಗ್ಲಿಷ್ ಮಾಲಿನ ಆಸೆ ಬಿಡಿ. ಹೊರಗಿನಿಂದ ತರಿಸಿಕೊಳ್ಳುವುದು 1980ರ ದಶಕದಲ್ಲೇ ನಿಂತ ಮೇಲೆ ತಾತನ ಕಾಲದ ಸವೆದ ರಿವಾಲ್ವರ್‌ಗೂ ಹಲವು ಲಕ್ಷ ಕೇಳುತ್ತಾರೆ. ಅದು ಹೆಸರಿಗೆ ಕೊಡುವ ದುಡ್ಡು, ಕೆಲಸಕ್ಕಲ್ಲ.

ಪಿಸ್ತೂಲಾ ರಿವಾಲ್ವರಾ ಅಂತ ಇನ್ನೂ ಯಾರಾದರೂ ತಲೆ ತಿನ್ನುತ್ತಿದ್ದರೆ ಒಂದು ಮಾತು. ಸರ್ಕಾರಿ ಪಿಸ್ತೂಲು ‘ಅಶನಿ’ಯೂ ಪಾಯಿಂಟ್ 32, ಆದರೆ ಗುಂಡು ಬೇರೆ. ಅದರ ಗುಂಡು ಗಿಡ್ಡ, ರಿವಾಲ್ವರಿನದು ಉದ್ದ. ಒಂದರದ್ದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ವರ್ಷಕ್ಕೆ ಹತ್ತು ಗುಂಡು ಹಾರಿಸುವವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು. ಅದು ನಿಮಗಿಲ್ಲ.

ಪ್ರಶ್ನೆ: ಸರ್, ಅಮೆರಿಕದಲ್ಲಿ ಟಾರಸ್ ಜಿ2ಸಿ, ಹೈ-ಪಾಯಿಂಟ್ ಅಂತ ಪಿಸ್ತೂಲುಗಳು ಇಪ್ಪತ್ತು ಇಪ್ಪತ್ತೈದು ಸಾವಿರ ರೂಪಾಯಿಗೆ ಸಿಗುತ್ತವೆ. ವಿಡಿಯೊಗಳಲ್ಲಿ ಚೆನ್ನಾಗಿವೆ ಅಂತಾರೆ. ನಮಗೇಕೆ ಇಲ್ಲ?
– ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ತಮ್ಮಾ, ನೀನು ಹೇಳುವವು 9 ಎಂಎಂ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರು, ಸಾಮಾನ್ಯ ಲೈಸೆನ್ಸ್‌ಗೆ ಸಿಗಲ್ಲ. ಕನಸು ಅಲ್ಲಿಗೇ ಮುಗಿಯಿತು.

ಆದರೆ ಅಲ್ಲಿನವರು ಅಭಿಪ್ರಾಯ ಹೇಳುವ ರೀತಿ ನನಗೆ ಇಷ್ಟ. ಹೈ-ಪಾಯಿಂಟ್ ನೋಡಲು ಇಟ್ಟಿಗೆ ಥರ. ಅದರಲ್ಲಿ ನಳಿಗೆ ಮತ್ತು ಸ್ಲೈಡ್ (ಮೇಲಿನ ಜಾರುವ ಭಾಗ) ಒಂದಕ್ಕೊಂದು ಲಾಕ್ ಆಗುವ ವ್ಯವಸ್ಥೆ ಇಲ್ಲ. ಗುಂಡಿನ ಒತ್ತಡ ತಡೆಯುವುದು ಸ್ಲೈಡಿನ ತೂಕವೇ, ಅದಕ್ಕೇ ಅಷ್ಟು ದಪ್ಪ. ಕೆಲಸ ಸರಳ, ಆದ್ದರಿಂದ ಬೆಲೆ ಕಡಿಮೆ. ಎಷ್ಟನೇ ಮಾಲೀಕನಾದರೂ ಕಂಪನಿ ಜೀವನಪೂರ್ತಿ ರಿಪೇರಿ ಮಾಡಿಕೊಡುತ್ತದೆ. ಅಲ್ಲಿ ಗುಂಡು ಅಗ್ಗ. ಜನ ನೂರಾರು ಹಾರಿಸಿ, ಎಲ್ಲಿ ಸಿಕ್ಕಿಕೊಂಡಿತು, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಬದಲಿಸಿದರೆ ಸರಿಹೋಯಿತಾ ಅಂತ ಬಿಡಿಸಿ ಹೇಳುತ್ತಾರೆ. ಅದು ಅಭಿಪ್ರಾಯ. ನಮ್ಮಲ್ಲಿ ಮದುವೆ ಮನೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವರೂ ‘ಸೂಪರ್ ಮಾಲು’ ಅಂತಾರೆ.

ನಿಜವಾಗಿ ಆಸಕ್ತಿ ಇದ್ದರೆ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರು. ವಿಡಿಯೊ ಆಮೇಲೆ ನೋಡು.

ಪ್ರಶ್ನೆ: ಕಾಮಸಮುದ್ರ ಕಡೆ ನಮ್ಮ ತೋಟಕ್ಕೆ ಆನೆ ಬರುತ್ತವೆ. ಹೆದರಿಸಲು ರಿವಾಲ್ವರ್ ಸಾಕಾ?
– ರೈತ, ಬಂಗಾರಪೇಟೆ ತಾಲ್ಲೂಕು

ಉತ್ತರ: ಬೇಡ, ಬೇಡವೇ ಬೇಡ. ಪಾಯಿಂಟ್ 32 ಗುಂಡು ತಾಗಿದರೆ ಆನೆ ಬೀಳಲ್ಲ, ಕೆರಳುತ್ತದೆ. ನೀವೂ ಉಳಿಯಲ್ಲ, ಉಳಿದರೆ ವನ್ಯಜೀವಿ ಕಾಯ್ದೆ ಕೇಸು ಬಿಡಲ್ಲ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ, ನೀವು ಮನೆಯೊಳಗೆ ಇರಿ.

ಪ್ರಶ್ನೆ: ನಮ್ಮ ರಿವಾಲ್ವರ್‌ಗೆ ಮನೆಯ ಗಾಣದ ಕೊಬ್ಬರಿ ಎಣ್ಣೆಯನ್ನೇ ಹಾಕುತ್ತೇವೆ. ಚಳಿಗಾಲದಲ್ಲಿ ಟ್ರಿಗರ್ ಇನ್ನೂ ಬಿಗಿಯಾಗುತ್ತದೆ. ಕಂಪನಿ ದೋಷವೇ?
– ತೆಂಗು ಬೆಳೆಗಾರ, ತಿಪಟೂರು

ಉತ್ತರ: ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ಬೇಡ ಅಂತ ಹೇಳಲು ಧೈರ್ಯ ಬೇಕು! ಆದರೂ ಹೇಳುತ್ತೇನೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ನಿಮ್ಮ ಬಚ್ಚಲಿನ ಬಾಟಲಿಯಲ್ಲಿ ಆಗುವುದೇ ಟ್ರಿಗರ್ ಒಳಗೂ ಆಗುತ್ತದೆ. ಹಳೆಯದಾದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಕಾನ್ಪುರದವರದ್ದು ಇದರಲ್ಲಿ ತಪ್ಪಿಲ್ಲ.

ಗನ್ ಆಯಿಲ್ ತನ್ನಿ, ತೆಳ್ಳಗೆ ಸಾಕು. ಒಳಗಿನ ಅಂಟು ತೆಗೆಸುವುದನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಮಾಡಿಸಿ. ಊರಿನ ಲೇತ್ ಅಂಗಡಿಯವರು ಎಷ್ಟೇ ಜಾಣರಾದರೂ ಅವರ ಕೈಗೆ ಕೊಡುವುದು ಅಪರಾಧ. ಆಯುಧ ಪೂಜೆಗೆ ಕುಂಕುಮವನ್ನು ಪೆಟ್ಟಿಗೆಗೆ ಇಡಿ, ಉಕ್ಕಿಗೆ ಬೇಡ, ಒದ್ದೆ ಕುಂಕುಮದ ಕೆಳಗೆ ತುಕ್ಕು ಹಿಡಿಯುತ್ತದೆ. ಗಾಳಿಯಲ್ಲಿ ಸುಮ್ನೆ ಒಂದು ಗುಂಡು ಹಾರಿಸುವ ಆಸೆಯೂ ಬೇಡ. 2019ರ ತಿದ್ದುಪಡಿ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಚುನಾವಣೆಗೆ ಠಾಣೆಯಲ್ಲಿ ಡೆಪಾಸಿಟ್ ಮಾಡುವಾಗಲೂ ಇದೇ ಗನ್ ಆಯಿಲ್ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ಪ್ಲಾಸ್ಟಿಕ್ ಚೀಲ, ಚರ್ಮದ ಕವರು ಬೇಡ, ಒಳಗೆ ತೇವ ನಿಲ್ಲುತ್ತದೆ. ರಸೀದಿಯಲ್ಲಿ ರಿವಾಲ್ವರ್ ನಂಬರ್ ಸರಿಯಾಗಿ ಬರೆದಿದ್ದಾರಾ ಅಲ್ಲೇ ನಿಂತು ನೋಡಿಕೊಳ್ಳಿ.