ಸವಳು ನೆಲದಲ್ಲಿ ಡೀಸೆಲ್ ಬೆಳೆಯುವವರಿಗೆ

ಪ್ರಶ್ನೆ: ಸಿಂಧನೂರು ಕಡೆ ನಮ್ಮ ಎರಡು ಎಕರೆ ಸವಳಾಗಿ ಭತ್ತ ಏಳುತ್ತಿಲ್ಲ. ಬಸಿಗಾಲುವೆಯ ಉಪ್ಪುನೀರಲ್ಲಿ ಪಾಚಿ ಬೆಳೆದು ಡೀಸೆಲ್ ತೆಗೆಯಬಹುದಂತೆ. ಬೀಜಪಾಚಿ ಕೊಟ್ಟು ಮಾಲು ವಾಪಸ್ ಕೊಳ್ಳುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ಮಾಡಲೇ?

ಉತ್ತರ: ಡೀಸೆಲ್‌ಗಾದರೆ ಬೇಡ. ಇದೇ ಪ್ರಶ್ನೆ ಎಷ್ಟು ಸಲ ಬರುತ್ತದೋ! ಈ ಸಲ ಲೆಕ್ಕ ಹಾಕಿಯೇ ಬಿಡೋಣ.

ಬಸಿಗಾಲುವೆ ನೀರಿನ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆಯ ಅಳತೆ) 5 ಬಂತೆನ್ನಿ. ಅಂದರೆ ಲೀಟರಿಗೆ ಸುಮಾರು 3 ಗ್ರಾಂ ಲವಣ. ಭತ್ತ ಸೊರಗಲು ಅಷ್ಟು ಸಾಕು, ಡುನಾಲಿಯೆಲ್ಲಾ ಸಲೈನಾ ಎಂಬ ಉಪ್ಪುಪಾಚಿಗೆ ಮಾತ್ರ ಅದು ಸಪ್ಪೆ ನೀರು. ಅದಕ್ಕೆ ಲೀಟರಿಗೆ 150 ಗ್ರಾಂ ಬೇಕು. ಉಪ್ಪು ತೆಳುವಾದರೆ ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ನುಗ್ಗಿ ಕೆಲವೇ ದಿನದಲ್ಲಿ ಕೊಳ ಖಾಲಿ. ಒಂದು ಗುಂಟೆಯ, 20 ಸೆಂ.ಮೀ. ಆಳದ ಕೊಳಕ್ಕೆ 20 ಸಾವಿರ ಲೀಟರ್ ನೀರು, 3 ಟನ್ ಉಪ್ಪು. 50 ಮಿ.ಮೀ. ಮಳೆ ಬಿದ್ದರೆ ಶೇ. 15 (ಲೀಟರಿಗೆ 150 ಗ್ರಾಂ) ಇದ್ದ ಉಪ್ಪು 12ಕ್ಕೆ ಇಳಿಯಿತು. ಏರಿ ಒಡೆದರೆ ಪಕ್ಕದವರ ಹೊಲವೂ ಸವಳು.

ಇಳುವರಿ? ಚದರ ಮೀಟರಿಗೆ ದಿನಕ್ಕೆ 5 ಗ್ರಾಂ ಒಣಪಾಚಿ, ಗುಂಟೆಗೆ ಅರ್ಧ ಕಿಲೋ. ಐದರಲ್ಲೊಂದು ಪಾಲು ಎಣ್ಣೆ ಎಂದು ಧಾರಾಳವಾಗಿ ಹಿಡಿದರೂ 100 ಗ್ರಾಂ, ಅಂದರೆ ಸುಮಾರು ಒಂದು ಯೂನಿಟ್ ಶಕ್ತಿ. ನೀರು ತಿರುಗಿಸುವ ಅರ್ಧ ಎಚ್‌ಪಿ ಚಕ್ರ ಹಗಲು 12 ತಾಸು ಓಡಿದರೆ ನಾಲ್ಕೂವರೆ ಯೂನಿಟ್ ನುಂಗುತ್ತದೆ. ಅಸಲಿಗೆ ಈ ಪಾಚಿ ಉಪ್ಪು ತಡೆಯಲು ಒಡಲಲ್ಲಿ ತುಂಬಿಕೊಳ್ಳುವುದು ಎಣ್ಣೆಯನ್ನಲ್ಲ, ಗ್ಲಿಸರಾಲ್ ಎಂಬ ಸಿಹಿ ಜಿಗುಟು ದ್ರವವನ್ನು.

ದುಡ್ಡೇನಾದರೂ ಇದ್ದರೆ ಅದು ಈ ಪಾಚಿ ಕೊಡುವ ಬೀಟಾ ಕ್ಯಾರೋಟಿನ್ ಎಂಬ ಕಿತ್ತಳೆ ಬಣ್ಣದ ವಸ್ತುವಿನಲ್ಲಿದೆ. ಮೊದಲ ಕೊಳದಲ್ಲಿ ಲೀಟರಿಗೆ 0.4 ಗ್ರಾಂ ಸೋಡಿಯಂ ನೈಟ್ರೇಟ್, ಚೂರು ಫಾಸ್ಫೇಟ್, ಅಡುಗೆ ಸೋಡಾ ಕೊಟ್ಟು ಹಸಿರಾಗಿ ಬೆಳೆಸಬೇಕು. ಯೂರಿಯಾ ಸುರಿಯಬೇಡಿ, ಅಮೋನಿಯಾ ಆಗಿ ಪಾಚಿಯನ್ನೇ ಕೊಲ್ಲುತ್ತದೆ. ಆಮೇಲೆ ನೈಟ್ರೇಟ್ ನಿಲ್ಲಿಸಿ, ಉಪ್ಪನ್ನು ಶೇ. 25ಕ್ಕೆ ಮೆಲ್ಲಗೆ ಏರಿಸಿ ಬಿಸಿಲಿಗೆ ಬಿಟ್ಟರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಸೋಲುವುದು ಕೊಯ್ಲಿನಲ್ಲಿ. ಪಾಚಿಯ ಕಣ 10 ಮೈಕ್ರಾನ್ (ಮಿ.ಮೀ.ನ ನೂರನೇ ಒಂದು ಪಾಲು) ಆಸುಪಾಸು, ಬಟ್ಟೆಯಲ್ಲಿ ನಿಲ್ಲದು. ಕೋಶಭಿತ್ತಿ, ಅಂದರೆ ಗಟ್ಟಿ ಹೊರಗೋಡೆ ಇಲ್ಲ, ಜೋರು ಪಂಪಿಗೆ ಒಡೆಯುತ್ತದೆ. ಸಿಹಿನೀರಲ್ಲಿ ತೊಳೆದರೆ ಉಬ್ಬಿ ಸಿಡಿಯುತ್ತದೆ, ತೊಳೆಯದೆ ಒಣಗಿಸಿದರೆ ಚೀಲದಲ್ಲಿ ಬಹುಪಾಲು ಉಪ್ಪೇ. "ಕಿಲೋಗೆ ಇಷ್ಟು" ಎನ್ನುವ ವಾಪಸ್-ಖರೀದಿಯವನು ಕೊನೆಗೆ ಮಾಲು ತಿರಸ್ಕರಿಸಲು ಹಿಡಿಯುವ ನೆಪವೇ ಇದು. ದರ ಕ್ಯಾರೋಟಿನ್ ಗ್ರಾಂ ಲೆಕ್ಕದಲ್ಲಿರಲಿ, ಯಾವ ಪ್ರಯೋಗಾಲಯದ ವರದಿ ಒಪ್ಪುತ್ತಾನೆಂಬುದು ಕರಾರಿನಲ್ಲಿರಲಿ. ಬರೆದುಕೊಡಲು ಹಿಂದೆಗೆದರೆ ಚಹಾ ಕುಡಿಸಿ ಕಳಿಸಿ.

ಪ್ರಶ್ನೆ: ಪಾಚಿ ಬೆಳೆದರೆ ಸವಳು ಹೋಗುತ್ತದೆಯೇ?

ಉತ್ತರ: ಇಲ್ಲ. ಉಪ್ಪುನೀರು ಬಸಿದು ಹೋಗಲು ನೆಲದಡಿ ಬಸಿಕೊಳವೆ ಹಾಕಿಸಿ.

ಪ್ರಶ್ನೆ: ಊರ ಕೆರೆಯ ಹಸಿರು ಪಾಚಿ ಎಮ್ಮೆಗೆ ಹಾಕಬಹುದೇ?

ಉತ್ತರ: ಬೇಡ. ಅದರಲ್ಲಿ ಯಕೃತ್ತು ಕೆಡಿಸುವ ವಿಷಪಾಚಿಯೂ ಇರಬಹುದು.

ಪ್ರಶ್ನೆ: ಬೀಡಿ ಸೇದುವವರು ಕ್ಯಾರೋಟಿನ್ ಮಾತ್ರೆ ನುಂಗಿದರೆ ಶ್ವಾಸಕೋಶ ಶುದ್ಧವಾಗುತ್ತದಂತೆ?

ಉತ್ತರ: ಯಾರು ಹೇಳಿದ್ದು? ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ದಿನಕ್ಕೆ 20 ಮಿ.ಗ್ರಾಂ ಕೊಟ್ಟು ನೋಡಿದರು. 1994ರಲ್ಲಿ ಹೊರಬಂದ ಫಲಿತಾಂಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಮಾತ್ರೆ ಬಿಡಿ, ಬೀಡಿಯನ್ನೂ.