ಮೆಟಲ್ ಸ್ಲಗ್: ಮೂರನೆಯದಕ್ಕಿಂತ ‘ಎಕ್ಸ್’ ನನಗೆ ಏಕೆ ಮೇಲು

ಓಡುತ್ತಾ ಗುಂಡು ಹಾರಿಸುವ ಮೆಟಲ್ ಸ್ಲಗ್ ವಿಡಿಯೊ ಗೇಮ್ ಸರಣಿಯಲ್ಲಿ ಯಾವ ಆಟ ಎಲ್ಲಕ್ಕಿಂತ ಚೆನ್ನಾಗಿದೆ, ಹೆಚ್ಚಿನವರು ಹೊಗಳುವ ಮೂರನೆಯದೇ ನಿಜಕ್ಕೂ ಶ್ರೇಷ್ಠವೇ ಎಂದು ಕೇಳಿದ್ದೀರಿ. ನನ್ನ ಆಯ್ಕೆ 1999ರ ಮೆಟಲ್ ಸ್ಲಗ್ ಎಕ್ಸ್.

ನಾನು ಈ ಆಟಗಳನ್ನು ಆಡಿದ್ದು ಕೊಡಗಿನ ಗೋಣಿಕೊಪ್ಪಲಿನ ಒಂದು ವಿಡಿಯೊ ಗೇಮ್ ಅಂಗಡಿಯಲ್ಲಿ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬೇರೆಲ್ಲೂ ಹೋಗಲಾಗದ ಹುಡುಗರು ಅಲ್ಲಿ ಸೇರುತ್ತಿದ್ದೆವು. ಒಂದು ನಾಣ್ಯಕ್ಕೆ ಎಷ್ಟು ಹೊತ್ತು ಆಡಬಹುದು ಎಂಬುದೇ ಆಗ ನಮಗೆ ಮುಖ್ಯವಾಗಿತ್ತು, ಆ ಲೆಕ್ಕ ನನ್ನ ಅಭಿಪ್ರಾಯದಲ್ಲಿ ಈಗಲೂ ಉಳಿದಿದೆ.

1996ರಲ್ಲಿ ನಾಜ್ಕಾ ಎಂಬ ಸಂಸ್ಥೆ ಜಪಾನಿನ ಎಸ್‌ಎನ್‌ಕೆ ಕಂಪನಿಯ ನಿಯೋ ಜಿಯೋ ಎಂಬ ಗೇಮ್ ಯಂತ್ರಕ್ಕಾಗಿ ರೂಪಿಸಿದ ಮೊದಲ ಆಟದಲ್ಲೇ ಸರಣಿಯ ಜೀವಾಳವೆಲ್ಲ ಇದೆ. ಕಟ್ಟಿಹಾಕಿದ ಗಡ್ಡಧಾರಿ ಕೈದಿಯನ್ನು ಬಿಡಿಸಿದರೆ ಆತ ಚಡ್ಡಿಯೊಳಗಿಂದ ಮದ್ದುಗುಂಡನ್ನೋ ಬಂದೂಕನ್ನೋ ತೆಗೆದುಕೊಟ್ಟು, ಸೆಲ್ಯೂಟ್ ಹೊಡೆದು ಓಡುತ್ತಾನೆ. ಬಿಡಿಸಿದ ಕೈದಿಗಳ ಎಣಿಕೆ ನಾವು ಸತ್ತ ಕೂಡಲೇ ಅಳಿಸಿಹೋಗುವುದರಿಂದ, ಹಂತದ ಕೊನೆ ಹತ್ತಿರವಾದಷ್ಟೂ ಕೈ ನಡುಗುತ್ತದೆ.

1998ರ ಎರಡನೆಯ ಆಟ ಎರಿ, ಫಿಯೊ ಎಂಬ ಇಬ್ಬರು ಯೋಧೆಯರನ್ನೂ, ಬಟ್ಟೆ ಸುತ್ತಿದ ಶವಗಳಾದ ಈಜಿಪ್ಟಿನ ಮಮ್ಮಿಗಳನ್ನೂ ತಂದಿತು. ಮಮ್ಮಿಯ ಉಸಿರು ತಾಗಿದರೆ ನಮ್ಮ ಯೋಧನೂ ಮಮ್ಮಿಯಾಗಿ ಕಾಲೆಳೆಯುತ್ತಾ ನಡೆಯುತ್ತಾನೆ, ಮದ್ದಿನ ಬಾಟಲಿ ಸಿಗುವವರೆಗೆ ಅವನಿಗೆ ಬಿಡುಗಡೆಯಿಲ್ಲ. ಕಲ್ಪನೆ ಸೊಗಸಾಗಿದ್ದರೂ ಪರದೆಯ ಮೇಲೆ ಶತ್ರುಗಳು ಹೆಚ್ಚಿದೊಡನೆ ಇಡೀ ಆಟವೇ ನಿಧಾನವಾಗುತ್ತಿತ್ತು. ಎಕ್ಸ್ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿತು. ಜೊತೆಗೆ ಹೊಸ ಆಯುಧಗಳನ್ನು ಸೇರಿಸಿ, ಶತ್ರುಗಳ ಜಾಗಗಳನ್ನು ಬದಲಿಸಿ, ಕೆಲವು ಹಂತಗಳ ಹಗಲಿರುಳಿನ ಬಣ್ಣವನ್ನೂ ಮಾರ್ಪಡಿಸಿ, ಅದೇ ಆಟವನ್ನು ಹೊಸದಾಗಿ ಕಟ್ಟಿಕೊಟ್ಟಿತು. ಇದರಲ್ಲಿ ಅನಗತ್ಯವಾಗಿ ಎಳೆದ ಒಂದು ಹಂತವೂ ಇಲ್ಲ, ಇಬ್ಬರು ಜೊತೆಗೂಡಿ ಆಡಲು ಇದರಷ್ಟು ಹದವಾದದ್ದು ಸರಣಿಯಲ್ಲಿ ಮತ್ತೊಂದಿಲ್ಲ.

ಹಾಗೆಂದು 2000ದ ಮೂರನೆಯ ಆಟವನ್ನು ನಾನು ಕಡೆಗಣಿಸುವುದಿಲ್ಲ. ಒಂದೇ ಹಂತದಲ್ಲಿ ನೀರಿನಡಿ, ಗುಹೆ ಎಂದು ದಾರಿಗಳು ಕವಲೊಡೆಯುವುದು ಅದರ ದೊಡ್ಡ ಸೊಬಗು. ಅಲ್ಲಿ ಜೋಂಬಿಯಾದ, ಅಂದರೆ ನಡೆದಾಡುವ ಹೆಣವಾದ, ಯೋಧ ನಿಧಾನವಾಗಿ ನಡೆದರೂ ಬಾಯಿಂದ ರಕ್ತ ಕಾರಿ ಪರದೆಯ ತುಂಬ ಇರುವ ಶತ್ರುಗಳನ್ನು ಉರುಳಿಸಬಲ್ಲ, ಆದ್ದರಿಂದ ಬೇಕೆಂದೇ ಜೋಂಬಿಯಾಗುವವರೂ ಇದ್ದಾರೆ. ಮಮ್ಮಿಯಾಗುವುದು ಬರೀ ಶಿಕ್ಷೆಯಾದರೆ ಇದು ಅದನ್ನೇ ಆಯುಧವಾಗಿಸಿದ ಜಾಣತನ. ಆದರೆ ಬಾಹ್ಯಾಕಾಶಕ್ಕೆ ಹಾರುವ ಕೊನೆಯ ಹಂತವೊಂದೇ ಇಡೀ ಆಟದಷ್ಟು ಉದ್ದವೆನಿಸುತ್ತದೆ. ಅಲ್ಲಿ ಕೌಶಲಕ್ಕಿಂತ ನಾಣ್ಯಗಳ ರಾಶಿಯೇ ಮುಖ್ಯವಾಗುತ್ತದೆಂಬುದು ನನ್ನ ತಕರಾರು.

2002ರ ನಾಲ್ಕನೆಯದು ಹಳೆಯ ಚಿತ್ರಗಳನ್ನೇ ಹೆಚ್ಚಾಗಿ ಮರುಬಳಸಿದೆ, ಅದನ್ನು ಕೊನೆಗಿಟ್ಟುಕೊಳ್ಳಿ. ಮೊದಲನೆಯದರಿಂದ ಶುರುಮಾಡಿ, ಎರಡನೆಯದನ್ನು ಬಿಟ್ಟು ನೇರವಾಗಿ ಎಕ್ಸ್ ಆಡಿ, ಆಮೇಲೆ ಬಿಡುವಿರುವ ದಿನ ನೋಡಿಕೊಂಡು ಮೂರನೆಯದಕ್ಕೆ ಕೂರಿ.