ಸರ್ಕಾರವೇ ಬಡವರಿಗೆ ಮನೆ ಕಟ್ಟಿಕೊಡುವಾಗ ಖಾಸಗಿ ಬಾಡಿಗೆ ಮನೆಗಳ ಬಗ್ಗೆ ನೀತಿ ಏಕೆ ಬೇಕು?

ಬೇಕೇ ಬೇಕು ಎನ್ನುತ್ತೇನೆ. ನಾನು ಮೈಸೂರಿನ ಬಾಡಿಗೆ ಮನೆಗಳಲ್ಲೇ ಬೆಳೆದವಳು, ಈಗಲೂ ಬಾಡಿಗೆಗೇ ಇರುವವಳು. ಹೆಬ್ಬಾಳ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ದುಡಿಯಲು ಹುಣಸೂರಿನಿಂದಲೋ ಕೆ.ಆರ್. ಪೇಟೆಯಿಂದಲೋ ಬರುವವರಿಗೆ ಮೊದಲು ಸೂರು ಸಿಗುವುದು ಗೃಹಮಂಡಳಿಯಿಂದ ಅಲ್ಲ. ತಮ್ಮ ಮನೆಯ ಮೇಲೆ ಎರಡು ಕೋಣೆ ಎಬ್ಬಿಸಿ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂದು ಹಲಗೆ ತೂಗುಹಾಕುವ ನಿವೃತ್ತ ಮೇಷ್ಟ್ರಂಥವರಿಂದ.

ನಮ್ಮ ನೀತಿ ಬಹುಕಾಲ ಇವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 2015ರ ನಗರ ಆವಾಸ್ ಯೋಜನೆಯ ಒತ್ತೆಲ್ಲ ಸ್ವಂತ ಮನೆಯ ಮೇಲಿತ್ತು. ವಲಸೆ ಕಾರ್ಮಿಕರಿಗೆ ಬಾಡಿಗೆ ವಸತಿ ಎಂಬ ಯೋಜನೆ ಬಂದದ್ದು 2020ರಲ್ಲಿ, ಕೊರೊನಾ ಅವರನ್ನು ಹೆದ್ದಾರಿಗಳಲ್ಲಿ ನಡೆಸಿದ ಮೇಲೆ. ಇತ್ತ 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಕೊಟ್ಟ ಮನೆಯನ್ನು ಬಿಡಿಸಿಕೊಳ್ಳಲು ಕೋರ್ಟು ಅಲೆಯಬೇಕಾದೀತು ಎಂಬ ಹೆದರಿಕೆ ಇದಕ್ಕೆ ಒಂದು ಕಾರಣ.

ಬಾಡಿಗೆಗೆ ಬರುವವರನ್ನು ಹೊಸ್ತಿಲಲ್ಲೇ ತಡೆಯುವುದು ಅಡ್ವಾನ್ಸು. ಆರು ಸಾವಿರ ಬಾಡಿಗೆ ಕಟ್ಟಬಲ್ಲ ಗಾರ್ಮೆಂಟ್ಸ್ ಹೆಣ್ಣುಮಗಳು ಹತ್ತು ತಿಂಗಳ ಅಡ್ವಾನ್ಸ್ ಎಂದು ಅರವತ್ತು ಸಾವಿರವನ್ನು ಒಟ್ಟಿಗೆ ಎಲ್ಲಿಂದ ತರಬೇಕು? ಚೀಟಿ ಎತ್ತುತ್ತಾಳೆ, ಇಲ್ಲವೇ ಓಲೆ ಅಡವಿಡುತ್ತಾಳೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಆದರೆ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಳ್ಳದ ಹೊರತು ಅದಕ್ಕೆ ಬಲವಿಲ್ಲ. ನಮ್ಮ 1999ರ ಬಾಡಿಗೆ ಕಾಯ್ದೆಯಂತೂ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯಿಸುವುದೇ ಇಲ್ಲ. ಈ ಕಾಲದಲ್ಲಿ ಅದಕ್ಕಿಂತ ಕಡಿಮೆಗೆ ಮೈಸೂರಿನಲ್ಲಿ ಎಂಥ ಮನೆ ಸಿಕ್ಕೀತು?

ಹಾಗಾಗಿ ನನ್ನ ಬೇಡಿಕೆ ಇಷ್ಟು: ಠೇವಣಿಗೆ ಸರ್ಕಾರ ಜಾಮೀನು ನಿಲ್ಲಲಿ. ಎರಡು ತಿಂಗಳ ಅಡ್ವಾನ್ಸಿಗೆ ಒಪ್ಪಿ ಲಿಖಿತ ಕರಾರು ಮಾಡಿಕೊಡುವ ಸಣ್ಣ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗಲಿ, ತಕರಾರು ಬಂದರೆ ಬೇಗ ಇತ್ಯರ್ಥವಾಗಲಿ. ಬಾಡಿಗೆದಾರರನ್ನು ತಲುಪುವುದು ಕಷ್ಟ ಎನ್ನುವವರು ಗೃಹಜ್ಯೋತಿಯನ್ನು ನೋಡಬೇಕು. 2023ರಿಂದ ಅದು ಬಾಡಿಗೆ ಮನೆಯವರ ವಿದ್ಯುತ್ ಬಿಲ್ಲಿಗೂ ಸಿಗುತ್ತಿದೆ.

ಇಷ್ಟಾದರೂ ಖಾಸಗಿ ಬಾಡಿಗೆಯೊಂದೇ ಸಾಲದು. ‘ನೀವು ಯಾವ ಜನ, ಮಾಂಸ ತಿನ್ನುತ್ತೀರಾ’ ಎಂದು ಕೇಳಿ ಕದ ಹಾಕಿಕೊಳ್ಳುವ ಮಾಲೀಕರು ನಮ್ಮೂರಿನಲ್ಲಿ ಕಡಿಮೆ ಇಲ್ಲ. ಹಾಗೆ ಹಿಂದಿರುಗಿದ ದಲಿತ, ಮುಸ್ಲಿಂ ಕುಟುಂಬಗಳಿಗೆ ಸರ್ಕಾರವೇ ಮನೆ ಕಟ್ಟಬೇಕು, ಅದೂ ಊರಾಚೆ ಅಲ್ಲ, ಕೆಲಸವಿರುವ ಕಡೆ.